ಚಾಲ್ತಿ ದಾವೆಗೆ ಹೊಸ ಪ್ರತಿವಾದಿ: ಅಮೆರಿಕದ ಫೆಡರಲ್ ನ್ಯಾಯಾಲಯಗಳ ಇ-ಫೈಲಿಂಗ್ ವ್ಯವಸ್ಥೆಯ ಒಂದು ವಿಮರ್ಶೆ

ಅಮೆರಿಕದ 94 ಫೆಡರಲ್ ಜಿಲ್ಲಾ ನ್ಯಾಯಾಲಯಗಳಲ್ಲಿ ನಡೆಯುತ್ತಿರುವ ಸಿವಿಲ್ ದಾವೆಗೆ ಹೊಸ ವಾದಿಯನ್ನೋ ಪ್ರತಿವಾದಿಯನ್ನೋ ಸೇರಿಸಬೇಕಾದ ವಕೀಲರು ಇಂದು ಸಿಎಂ/ಇಸಿಎಫ್ ಎಂಬ ಇ-ಫೈಲಿಂಗ್ ವ್ಯವಸ್ಥೆಯ ಮೂಲಕವೇ ಹೋಗಬೇಕು. 2002ರಿಂದ ಒಂದೊಂದಾಗಿ ಜಿಲ್ಲಾ ನ್ಯಾಯಾಲಯಗಳಿಗೆ ಬಂದ ಈ ವ್ಯವಸ್ಥೆಯಲ್ಲಿ ದಾಖಲಾದ ಕಡತಗಳನ್ನು ಸಾರ್ವಜನಿಕರು ಪೇಸರ್ ಎಂಬ ಜೋಡಿ ಸೇವೆಯಲ್ಲಿ ಓದುತ್ತಾರೆ. ಕರ್ನಾಟಕದಲ್ಲಿ ಕೆಲ ಕಾಲ ಸಿವಿಲ್ ವಕೀಲಿಕೆ ಮಾಡಿ, ಈಗ ಅಮೆರಿಕದ ಕಾನೂನು ಕಚೇರಿಯೊಂದರಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ) ಆಗಿ ಈ ಎರಡನ್ನೂ ದಿನನಿತ್ಯ ಬಳಸುವವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇ-ಫೈಲಿಂಗಿನ ಎಲ್ಲ ಮುಖಗಳನ್ನೂ ಇಲ್ಲಿ ಎತ್ತಿಕೊಂಡಿಲ್ಲ. ಪಕ್ಷಕಾರರ ಸೇರ್ಪಡೆಯೊಂದನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಈ ವ್ಯವಸ್ಥೆಯ ಗುಣ ಮತ್ತು ದೋಷ ಎರಡೂ ಎದ್ದು ಕಾಣುವುದು ಅಲ್ಲಿಯೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಾಲ್ತಿಯಲ್ಲಿರುವ ದಾವೆಯೊಳಗೆ ಹೊಸಬರನ್ನು ತರುವುದೆಂದರೆ ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ನಿಯಮವೋ ನ್ಯಾಯಾಧೀಶರೋ ಅದಕ್ಕೆ ಅವಕಾಶ ಕೊಡಬೇಕು, ಡಾಕೆಟ್‌ನಲ್ಲಿ, ಅಂದರೆ ಪ್ರಕರಣದ ಅಧಿಕೃತ ದಾಖಲೆ ಪಟ್ಟಿಯಲ್ಲಿ, ಅವರ ಹೆಸರು ಏರಬೇಕು, ಮತ್ತು ಅವರಿಗೆ ಸಮನ್ಸ್ ಜಾರಿಯಾಗಬೇಕು. ಸಿಎಂ/ಇಸಿಎಫ್ ಮಾಡಿಕೊಡುವುದು ನಡುವಿನ ಕೆಲಸವನ್ನು ಮಾತ್ರ. ಅದನ್ನು ಅದು ಬಹಳ ಚೆನ್ನಾಗಿಯೇ ಮಾಡುತ್ತದೆ. ಆದರೆ ಉಳಿದೆರಡು ಆಗಿವೆಯೇ ಎಂದು ಒಂದು ಮಾತು ಕೇಳುವುದಿಲ್ಲ. ಹಾಗಾಗಿ ಹೊಸಬರ ಕೈಗೆ ಇದು ಸಿಕ್ಕಾಗ, ತೆರೆಯ ಮೇಲೆ ಹೆಸರು ಮೂಡಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ.

ತೆರೆಯ ಮೇಲಿನ ಕ್ರಮ ಹೀಗಿದೆ. ಸಿವಿಲ್ ವಿಭಾಗದಲ್ಲಿ ವಾದಪತ್ರಗಳ ಪಟ್ಟಿಯನ್ನು ತೆರೆದು, ‘ತಿದ್ದುಪಡಿ ಮಾಡಿದ ವಾದಪತ್ರ’ ಎಂಬ ಬಾಬ್ತನ್ನು ಆರಿಸಿ, ಪ್ರಕರಣದ ಸಂಖ್ಯೆಯನ್ನು ಕೊಟ್ಟರೆ, ಯಾರ ಪರವಾಗಿ ಸಲ್ಲಿಸುತ್ತೀರಿ ಮತ್ತು ಯಾರ ವಿರುದ್ಧ ಎಂಬ ಎರಡು ಪ್ರಶ್ನೆಗಳು ಬರುತ್ತವೆ. ಈಗಾಗಲೇ ಇರುವ ಪಕ್ಷಕಾರರ ಪಟ್ಟಿಯ ಪಕ್ಕದಲ್ಲಿ ಹೊಸ ಪಕ್ಷಕಾರರನ್ನು ಸೇರಿಸುವ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ನೇರವಾಗಿ ಹೆಸರು ಬರೆಯಲು ಬಿಡದೆ ಮೊದಲು ಹುಡುಕಲು ಹೇಳುತ್ತದೆ: ವ್ಯಕ್ತಿಯಾದರೆ ಕುಲನಾಮ, ಸಂಸ್ಥೆಯಾದರೆ ವ್ಯವಹಾರದ ಹೆಸರು. ಆ ನ್ಯಾಯಾಲಯದ ದತ್ತಸಂಚಯದಲ್ಲಿ ಹಿಂದೆ ಎಂದಾದರೂ ಬಂದಿದ್ದ ಹೆಸರುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಮ್ಮ ಪ್ರತಿವಾದಿ ಅದರಲ್ಲಿದ್ದರೆ ಆಯ್ದುಕೊಳ್ಳಬೇಕು, ಇಲ್ಲದಿದ್ದರೆ ಮಾತ್ರ ಹೊಸದಾಗಿ ಸೃಷ್ಟಿಸಬೇಕು. ಆಮೇಲೆ ದಾವೆಯಲ್ಲಿ ಅವರ ಪಾತ್ರವೇನು ಎಂದು ಒಂದು ಇಳಿಪಟ್ಟಿಯಿಂದ ಆರಿಸಬೇಕು: ವಾದಿ, ಪ್ರತಿವಾದಿ, ಮೂರನೇ ಪಕ್ಷದ ಪ್ರತಿವಾದಿ, ಮಧ್ಯಪ್ರವೇಶ ಬಯಸುವವರು, ಹೀಗೆ. ‘ಡೆಲಾವೇರ್‌ನ ಕಾರ್ಪೊರೇಷನ್’ ಎಂಬಂಥ ವಿವರಣೆಗೆ ಬೇರೆಯೇ ಒಂದು ಅಂಕಣವಿದೆ, ಮತ್ತು ಅಡ್ಡಹೆಸರು ಅಥವಾ ‘ಈ ಹೆಸರಿನಲ್ಲಿ ವ್ಯವಹರಿಸುವವರು’ ಎಂಬ ನಮೂದಿಗೆ ಮತ್ತೊಂದು.

ಸಣ್ಣ ಕೆಲಸದಂತೆ ಕಾಣುವ ಈ ಹೆಸರಿನ ನಮೂದಿನಲ್ಲೇ ಅರ್ಧ ಎಡವಟ್ಟುಗಳು ನಡೆಯುತ್ತವೆ. ಹುಡುಕದೆ ಸೃಷ್ಟಿಸುವವರಿಂದ ಒಂದೇ ಕಂಪನಿ, ನಡುವೆ ಅಲ್ಪವಿರಾಮ ಇರುವ ರೂಪದಲ್ಲೊಮ್ಮೆ, ಇಲ್ಲದ ರೂಪದಲ್ಲೊಮ್ಮೆ ದಾಖಲಾಗಿ, ನಾಳೆ ಅದರ ಮೇಲಿನ ಪ್ರಕರಣಗಳನ್ನು ಹುಡುಕುವವರಿಗೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. ವ್ಯವಹಾರದ ಹೆಸರನ್ನು ಕಾನೂನಿನ ಹೆಸರಿನ ಅಂಕಣದಲ್ಲೇ ಉದ್ದವಾಗಿ ತುಂಬಿಬಿಡುವವರಿದ್ದಾರೆ. ಎದುರು ಪಕ್ಷದ ವಕೀಲರನ್ನು ತಾವೇ ಸೇರಿಸಿಬಿಡುವ ಉತ್ಸಾಹಿಗಳೂ ಇದ್ದಾರೆ, ಅದು ಆ ವಕೀಲರು ತಾವಾಗಿ ಹಾಜರಾದಾಗ ಆಗಬೇಕಾದ ಕೆಲಸ. ಅಪ್ರಾಪ್ತ ವಯಸ್ಕರು ಪಕ್ಷಕಾರರಾಗಿದ್ದರೆ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿನ (ಮುಂದೆ ಬರುವ ನಿಯಮ ಸಂಖ್ಯೆಗಳೂ ಅವುಗಳವೇ) ನಿಯಮ 5.2ರ ಪ್ರಕಾರ ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸಬೇಕು. ಇಷ್ಟೆಲ್ಲ ಆದ ಮೇಲೆ ಬರುವ ಕೊನೆಯ ತೆರೆ, ಇದನ್ನು ಒತ್ತಿದರೆ ಸಲ್ಲಿಕೆ ಪೂರ್ಣವಾಗುತ್ತದೆ, ಮುಂದೆ ತಿದ್ದಲು ಅವಕಾಶವಿಲ್ಲ ಎಂದು ಎಚ್ಚರಿಸುತ್ತದೆ. ಅದು ಬರಿಯ ಬೆದರಿಕೆಯಲ್ಲ. ಒಮ್ಮೆ ಡಾಕೆಟ್ ಸೇರಿದ ಹೆಸರನ್ನು ನಾವಾಗಿ ಅಳಿಸಲಾಗದು. ನ್ಯಾಯಾಲಯದ ಕಡತಗಳನ್ನು ನೋಡಿಕೊಳ್ಳುವ ಕ್ಲರ್ಕ್ ಕಚೇರಿಗೆ ಫೋನು ಮಾಡಿ ವಿನಂತಿಸಿಕೊಳ್ಳಬೇಕು. ಆ ಕಚೇರಿಗಳ ಸಿಬ್ಬಂದಿಯ ತಾಳ್ಮೆಯನ್ನು ಮೆಚ್ಚಲೇಬೇಕು. ಕಾನೂನಿನ ಸಲಹೆ ಕೊಡುವಂತಿಲ್ಲ ಎಂಬ ಗೆರೆಯನ್ನು ದಾಟದೆ, ಯಾವ ಬಾಬ್ತನ್ನು ಆರಿಸಬೇಕು, ಯಾವ ಪಾತ್ರವನ್ನು ಕೊಡಬೇಕು ಎಂಬುದನ್ನು ಅವರು ಬಿಡಿಸಿ ಹೇಳುತ್ತಾರೆ.

ಇನ್ನು ಗುಣದ ಮಾತು. ಪಕ್ಷಕಾರರ ಚರಿತ್ರೆಯನ್ನು ಕಾಪಾಡುವುದರಲ್ಲಿ ಈ ವ್ಯವಸ್ಥೆಗೆ ಸಾಟಿಯಾದದ್ದನ್ನು ನಾನು ಬೇರೆಡೆ ಕಂಡಿಲ್ಲ. ದಾವೆಯಿಂದ ಹೊರಬಿದ್ದ ಪ್ರತಿವಾದಿಯ ಹೆಸರು ಡಾಕೆಟ್‌ನಿಂದ ಮಾಯವಾಗುವುದಿಲ್ಲ. ಹೆಸರಿನ ಕೆಳಗೆ ಯಾವ ದಿನಾಂಕದಂದು ಹೊರಗಾದರೆಂಬ ಷರಾ ಬೀಳುತ್ತದೆ. ಮೂಲ ಪ್ರತಿವಾದಿಯು ನಿಯಮ 14ರಡಿ, ‘ನಾನು ಸೋತರೆ ಇವರು ನನಗೆ ತುಂಬಿಕೊಡಬೇಕು’ ಎಂದು ಮೂರನೆಯವರನ್ನು ಎಳೆದು ತಂದರೆ, ಆ ಮೂಲ ಪ್ರತಿವಾದಿಯ ಹೆಸರೇ ಪ್ರತಿವಾದಿಯಾಗಿ ಒಮ್ಮೆ, ಮೂರನೇ ಪಕ್ಷದ ವಾದಿಯಾಗಿ ಇನ್ನೊಮ್ಮೆ ಪಟ್ಟಿಯಲ್ಲಿ ನಿಲ್ಲುತ್ತದೆ. ಹತ್ತಿಪ್ಪತ್ತು ಪಕ್ಷಕಾರರು, ಅಡ್ಡ ಹಕ್ಕೊತ್ತಾಯಗಳು, ಪ್ರತಿದಾವೆಗಳು ತುಂಬಿದ ಕಟ್ಟಡ ನಿರ್ಮಾಣದ ಪ್ರಕರಣವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡವರಿಗೂ, ಯಾರು ಯಾರ ಮೇಲೆ ಏನು ಹೇಳುತ್ತಿದ್ದಾರೆಂಬುದು ಡಾಕೆಟ್‌ನ ಮೊದಲ ಕೆಲವು ಪುಟಗಳಲ್ಲೇ ತಿಳಿಯುತ್ತದೆ. ಕರ್ನಾಟಕದಲ್ಲಿ, ಕೆಂಪಕ್ಷರದಲ್ಲಿ ತಿದ್ದಿದ ವಾದಪತ್ರದ ಶೀರ್ಷಿಕೆಯನ್ನು ನೋಡಿ, ಆರ್ಡರ್ ಶೀಟಿನ ಹಾಳೆಗಳನ್ನು ಮಗುಚಿ ಅದನ್ನು ಊಹಿಸಿಕೊಳ್ಳುತ್ತಿದ್ದವರಿಗೆ ಇದರ ಬೆಲೆ ಗೊತ್ತು.

ದೋಷಕ್ಕೆ ಬರೋಣ. ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10ರಡಿ ಐ.ಎ. (ಮಧ್ಯಂತರ ಅರ್ಜಿ) ಹಾಕಿ, ಆಕ್ಷೇಪಣೆ ತರಿಸಿ, ಆದೇಶ ಪಡೆದು ‘ಇಂಪ್ಲೀಡ್’ ಮಾಡಿಕೊಳ್ಳುವ ರೂಢಿಯಲ್ಲಿ ಬೆಳೆದವರಿಗೆ ಇಲ್ಲಿನ ಫೆಡರಲ್ ಸಿವಿಲ್ ನಿಯಮಗಳು ಮೊದಲಿಗೆ ತೀರ ಸಡಿಲವಾಗಿ ಕಾಣುತ್ತವೆ. ನಿಯಮ 15ರ ಪ್ರಕಾರ ವಾದಪತ್ರವನ್ನು ಜಾರಿ ಮಾಡಿದ 21 ದಿನಗಳೊಳಗೆ, ಅಥವಾ ಎದುರಾಳಿಯ ಉತ್ತರವೋ ವಜಾ ಕೋರುವ ಅರ್ಜಿಯೋ ತಲುಪಿದ 21 ದಿನಗಳೊಳಗೆ, ಒಂದು ಬಾರಿ ಯಾರನ್ನೂ ಕೇಳದೆ ವಾದಪತ್ರವನ್ನು ತಿದ್ದಬಹುದು. ಆ ಅವಧಿ ಕಳೆದರೆ ಎದುರಾಳಿಯ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಬೇಕು; ಅನುಮತಿಯನ್ನು ಉದಾರವಾಗಿ ಕೊಡಬೇಕೆಂದು ನಿಯಮವೇ ಹೇಳುತ್ತದೆ, 1962ರ ಫೋಮನ್ ವಿರುದ್ಧ ಡೇವಿಸ್ ತೀರ್ಪು ಅದನ್ನು ಗಟ್ಟಿಗೊಳಿಸಿದೆ. ಆದರೆ ಈ ಔದಾರ್ಯಕ್ಕೂ ಒಂದು ಬೇಲಿಯಿದೆ. ನಿಯಮ 16ರಡಿ ನ್ಯಾಯಾಧೀಶರು ಹೊರಡಿಸುವ ವೇಳಾಪಟ್ಟಿಯ ಆದೇಶದಲ್ಲಿ ಪಕ್ಷಕಾರರನ್ನು ಸೇರಿಸಲು ಕೊನೆಯ ದಿನಾಂಕವೊಂದು ಇರಲೇಬೇಕು, ಮತ್ತು ಆ ದಿನ ದಾಟಿದ ಮೇಲೆ ಸೂಕ್ತ ಕಾರಣ ತೋರಿಸದೆ ಬಾಗಿಲು ತೆರೆಯುವುದಿಲ್ಲ. ಅಲ್ಲಿ ನೋಡುವುದು ಮುಖ್ಯವಾಗಿ ನಮ್ಮ ಶ್ರದ್ಧೆಯನ್ನು: ಈ ಪ್ರತಿವಾದಿಯ ವಿಷಯ ನಿಮಗೆ ಮೊದಲೇ ಗೊತ್ತಿರಲಿಲ್ಲವೇ, ಗೊತ್ತಿದ್ದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ.

ಇಂಥ ದಿನಾಂಕಗಳಲ್ಲಿ ಒಂದನ್ನೂ ಸೇರ್ಪಡೆಯ ತೆರೆ ನೆನಪಿಸುವುದಿಲ್ಲ. ವೇಳಾಪಟ್ಟಿಯ ಆದೇಶ ಅದೇ ಡಾಕೆಟ್‌ನಲ್ಲಿ ಕುಳಿತಿರುತ್ತದೆ, ಗಡುವಿನ ದಿನಾಂಕವನ್ನು ನ್ಯಾಯಾಲಯದ ಸಿಬ್ಬಂದಿ ಅದೇ ವ್ಯವಸ್ಥೆಯಲ್ಲಿ ನಮೂದಿಸಿರುತ್ತಾರೆ. ಆದರೂ ಗಡುವು ದಾಟಿದ ಮೇಲೆ ಹೊಸ ಹೆಸರು ಸೇರಿಸಲು ಹೊರಟವರಿಗೆ ಒಂದು ಹಳದಿ ಪಟ್ಟಿಯಾದರೂ ಕಾಣುವುದಿಲ್ಲ. ಸ್ವೀಕರಿಸುವುದು ಬಿಡುವುದು ನ್ಯಾಯಾಧೀಶರ ವಿವೇಚನೆ, ತಂತ್ರಾಂಶ ಅದರಲ್ಲಿ ತಲೆ ಹಾಕಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಎಚ್ಚರಿಸುವುದಕ್ಕೂ ತಡೆಯುವುದಕ್ಕೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ತಕರಾರು.

ಇದರಿಂದ ಹುಟ್ಟುವ ಅತ್ಯಂತ ಸಾಮಾನ್ಯ ಗೊಂದಲವನ್ನು ವಿವರವಾಗಿ ಹೇಳಬೇಕು. ಅನುಮತಿ ಬೇಕಾದ ಸಂದರ್ಭದಲ್ಲಿ ಸಲ್ಲಿಸಬೇಕಾದದ್ದು ಅನುಮತಿ ಕೋರುವ ಅರ್ಜಿ. ಪ್ರಸ್ತಾವಿತ ವಾದಪತ್ರ ಅದರ ಲಗತ್ತು ಮಾತ್ರ. ಹಲವು ನ್ಯಾಯಾಲಯಗಳ ಸ್ಥಳೀಯ ನಿಯಮಗಳು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸಗಳನ್ನು ಗುರುತು ಹಾಕಿದ ಪ್ರತಿಯನ್ನೂ ಕೇಳುತ್ತವೆ. ಈ ಹಂತದಲ್ಲಿ ಹೊಸ ಪ್ರತಿವಾದಿಯನ್ನು ಡಾಕೆಟ್‌ಗೆ ಸೇರಿಸಬಾರದು. ಅನುಮತಿ ಸಿಕ್ಕಿದ ಮೇಲೆ ಅದೇ ವಾದಪತ್ರವನ್ನು ಸಹಿ ಮತ್ತು ದಿನಾಂಕದೊಡನೆ ಪ್ರತ್ಯೇಕ ದಾಖಲೆಯಾಗಿ ಮತ್ತೆ ಸಲ್ಲಿಸಿ, ಆಗ ಹೆಸರನ್ನು ಏರಿಸಬೇಕು. ಅನುಮತಿ ಸಿಕ್ಕಿತೆಂದು ಸುಮ್ಮನೆ ಕುಳಿತವರ ಪ್ರಸ್ತಾವಿತ ವಾದಪತ್ರ ಲಗತ್ತಾಗಿಯೇ ಉಳಿಯುತ್ತದೆ, ಮತ್ತು ಸಮನ್ಸಿಗೆ ಮುದ್ರೆ ಕೇಳಲು ಹೋದಾಗ ಡಾಕೆಟ್‌ನಲ್ಲಿ ಅಂಥ ಪ್ರತಿವಾದಿಯೇ ಇಲ್ಲವೆಂದು ಕ್ಲರ್ಕ್ ಕಚೇರಿ ಹಿಂತಿರುಗಿಸುತ್ತದೆ. ಇದಕ್ಕೆ ವಿರುದ್ಧವಾದ ಅವಾಂತರವೂ ಉಂಟು. ಕೆಲವರು ಅನುಮತಿಯ ಅಗತ್ಯವಿದ್ದಾಗಲೂ ನೇರವಾಗಿ ತಿದ್ದುಪಡಿ ಮಾಡಿದ ವಾದಪತ್ರವನ್ನೇ ಸಲ್ಲಿಸಿಬಿಡುತ್ತಾರೆ; ವ್ಯವಸ್ಥೆ ಅದನ್ನು ಸಲೀಸಾಗಿ ತೆಗೆದುಕೊಳ್ಳುತ್ತದೆ, ರಸೀದಿಯನ್ನೂ ಕಳಿಸುತ್ತದೆ, ಕೆಲ ದಿನಗಳ ನಂತರ ಅದನ್ನು ಕಡತದಿಂದ ತೆಗೆದುಹಾಕುವ ಆದೇಶ ಬರುತ್ತದೆ. ಮಧ್ಯಪ್ರವೇಶದ ಅರ್ಜಿಯಲ್ಲೂ ಹೀಗೆಯೇ ಎಚ್ಚರ ಬೇಕು: ನಿಯಮ 24ರಡಿ ಒಳಬರಲು ಬಯಸುವವರು ಅನುಮತಿ ಸಿಗುವವರೆಗೆ ಅರ್ಜಿದಾರರಷ್ಟೇ, ಪಕ್ಷಕಾರರಲ್ಲ.

ಯಾರನ್ನು ಸೇರಿಸಬಹುದು ಎಂಬುದಕ್ಕೆ ನಿಯಮ 20 ಎರಡು ಷರತ್ತುಗಳನ್ನು ಇಡುತ್ತದೆ: ಒಂದೇ ವ್ಯವಹಾರ ಅಥವಾ ಘಟನೆ, ಇಲ್ಲವೇ ಅವುಗಳ ಸರಣಿಯಿಂದ ಹುಟ್ಟಿದ ಹಕ್ಕೊತ್ತಾಯ, ಮತ್ತು ಎಲ್ಲರಿಗೂ ಸಮಾನವಾದ ಒಂದು ಕಾನೂನಿನ ಅಥವಾ ಸಂಗತಿಯ ಪ್ರಶ್ನೆ. ಯಾರನ್ನು ಬಿಡುವಂತಿಲ್ಲ ಎಂಬುದನ್ನು ನಿಯಮ 19 ಹೇಳುತ್ತದೆ; ನಮ್ಮ ‘ಅಗತ್ಯ ಪಕ್ಷಕಾರ’ರ ಕಲ್ಪನೆಗೆ ಅದು ಹತ್ತಿರದ್ದು. ತಪ್ಪಾಗಿ ಸೇರಿಸಿದ ಕಾರಣಕ್ಕೆ ದಾವೆಯನ್ನೇ ವಜಾ ಮಾಡುವಂತಿಲ್ಲ, ನ್ಯಾಯಾಲಯ ಯಾವಾಗ ಬೇಕಾದರೂ ಹೆಸರು ಸೇರಿಸಬಹುದು ಅಥವಾ ಕೈಬಿಡಬಹುದು ಎಂದು ನಿಯಮ 21 ಸಮಾಧಾನ ಹೇಳುತ್ತದೆ. ಆದರೆ ಹಾಗೆ ದಾವೆಯಿಂದ ಬೇರ್ಪಡಿಸಿದ ಹಕ್ಕೊತ್ತಾಯ ಸಾಮಾನ್ಯವಾಗಿ ಹೊಸ ಸಂಖ್ಯೆ ಪಡೆದು, ಹೊಸ ಶುಲ್ಕವನ್ನೂ ಕೇಳುತ್ತದೆ ಎಂಬುದನ್ನು ಮರೆಯಬಾರದು.

ಇದಕ್ಕಿಂತ ಆಳವಾದ ಹೊಂಡ ಅಧಿಕಾರ ವ್ಯಾಪ್ತಿಯದು, ಮತ್ತು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ನೇರವಾಗಿ ತಟ್ಟುವ ವಿಷಯ. ಫೆಡರಲ್ ಕಾನೂನಿನ ಪ್ರಶ್ನೆಯಿಲ್ಲದ ದಾವೆ ಫೆಡರಲ್ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ವಿವಾದದ ಮೊತ್ತ 75,000 ಡಾಲರ್ ಮೀರಿರಬೇಕು, ಮತ್ತು ಯಾವ ವಾದಿಯೂ ಯಾವ ಪ್ರತಿವಾದಿಯೂ ಒಂದೇ ರಾಜ್ಯದ ಪೌರರಾಗಿರಬಾರದು. ಈ ಎರಡನೆಯ ನಿಯಮ 1806ರ ಸ್ಟ್ರಾಬ್ರಿಜ್ ವಿರುದ್ಧ ಕರ್ಟಿಸ್ ಪ್ರಕರಣದಿಂದ ನಡೆದು ಬಂದದ್ದು. ಹೊಸದಾಗಿ ಬಂದ ಒಬ್ಬನೇ ಪ್ರತಿವಾದಿ ಈ ಸಮತೋಲನವನ್ನು ಕೆಡಿಸಬಲ್ಲ. ಎಚ್-1ಬಿ ವೀಸಾದ ಮೇಲಿರುವ ಎಂಜಿನಿಯರ್ ಒಬ್ಬರು ಒಪ್ಪಂದ ಭಂಗಕ್ಕಾಗಿ ಅಮೆರಿಕದ ಕಂಪನಿಯ ಮೇಲೆ ದಾವೆ ಹೂಡಿದ್ದಾರೆಂದು ಇಟ್ಟುಕೊಳ್ಳಿ. ವಾದಿ ವಿದೇಶಿ, ಪ್ರತಿವಾದಿ ಅಮೆರಿಕದ ಒಂದು ರಾಜ್ಯದ ಪೌರ, ದಾವೆ ನಿಲ್ಲುತ್ತದೆ. ಕೆಲ ತಿಂಗಳ ನಂತರ, ಬೆಂಗಳೂರಿನಲ್ಲಿರುವ ಮಾತೃ ಕಂಪನಿಯನ್ನೂ ಸೇರಿಸಿದರೆ ವಸೂಲಿಗೆ ಅನುಕೂಲವೆಂದು ಅವರ ವಕೀಲರಿಗೆ ತೋರುತ್ತದೆ. ಆಗ ಎರಡೂ ಬದಿಯಲ್ಲಿ ವಿದೇಶಿಯರಿದ್ದಾರೆ, ಒಂದು ಬದಿಯಲ್ಲಿ ಮಾತ್ರ ಅಮೆರಿಕದ ಪೌರನಿದ್ದಾನೆ. ಮೇಲ್ಮನವಿ ನ್ಯಾಯಾಲಯಗಳ ಪ್ರಬಲ ನಿಲುವಿನ ಪ್ರಕಾರ ಅಂಥ ದಾವೆಗೆ ಈ ಅಧಿಕಾರ ವ್ಯಾಪ್ತಿ ದಕ್ಕುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರ ಕಥೆಯಲ್ಲಿ ಇನ್ನೊಂದು ತಿರುವು: ಅವರು ನೆಲೆಸಿರುವ ರಾಜ್ಯದ ಪೌರನ ವಿರುದ್ಧ ವಿದೇಶಿ ಎಂಬ ನೆಲೆಯಲ್ಲಿ ದಾವೆ ಹೂಡಲು ಅಮೆರಿಕದ ಫೆಡರಲ್ ಕಾನೂನು ಸಂಹಿತೆಯ 28ನೇ ಸಂಪುಟದ 1332ನೇ ಸೆಕ್ಷನ್ ಬಿಡುವುದಿಲ್ಲ. ಪ್ರತಿವಾದಿ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಆಗಿದ್ದರೆ ಅದರ ಪ್ರತಿಯೊಬ್ಬ ಸದಸ್ಯನ ಪೌರತ್ವವನ್ನೂ ಲೆಕ್ಕ ಹಾಕಬೇಕು. ನೋಂದಣಿಯಾದ ರಾಜ್ಯವನ್ನು ನೋಡಿದರೆ ಸಾಲದು.

ರಾಜ್ಯ ನ್ಯಾಯಾಲಯದಿಂದ ಪ್ರತಿವಾದಿಯು ಫೆಡರಲ್ ನ್ಯಾಯಾಲಯಕ್ಕೆ ಎಳೆದು ತಂದ ಪ್ರಕರಣಗಳಲ್ಲಂತೂ, ಪೌರತ್ವದ ಸಮತೋಲನ ಕೆಡಿಸುವ ಪ್ರತಿವಾದಿಯನ್ನು ವಾದಿ ಆಮೇಲೆ ಸೇರಿಸಲು ಹೊರಟರೆ, ನ್ಯಾಯಾಧೀಶರು ಒಂದೋ ಸೇರ್ಪಡೆಯನ್ನು ನಿರಾಕರಿಸುತ್ತಾರೆ, ಇಲ್ಲವೇ ಸೇರಿಸಿಕೊಂಡು ಇಡೀ ಪ್ರಕರಣವನ್ನು ರಾಜ್ಯ ನ್ಯಾಯಾಲಯಕ್ಕೆ ಮರಳಿಸುತ್ತಾರೆ. ಅದೇ ಸಂಪುಟದ 1447ನೇ ಸೆಕ್ಷನ್ ಕೊಡುವುದು ಈ ಎರಡೇ ದಾರಿಗಳನ್ನು. 2022ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮ 7.1ರ ತಿದ್ದುಪಡಿಯು ಇಂಥ ದಾವೆಗಳ ಪಕ್ಷಕಾರರು ತಮ್ಮ ಪೌರತ್ವವನ್ನು, ತಮ್ಮ ಹಿಂದಿರುವ ಸದಸ್ಯರ ಪೌರತ್ವವನ್ನೂ ಸೇರಿಸಿ, ಬಹಿರಂಗಪಡಿಸುವ ಹೇಳಿಕೆಯನ್ನು ಸಲ್ಲಿಸಬೇಕೆಂದು ವಿಧಿಸಿದೆ. ಒಳ್ಳೆಯ ಸುಧಾರಣೆಯೇ. ಸೇರ್ಪಡೆಯ ತೆರೆಯಲ್ಲಿ ಮಾತ್ರ ಪೌರತ್ವದ ಪ್ರಶ್ನೆ ಏಳುವುದೇ ಇಲ್ಲ. ದಾವೆಯ ಬುಡವನ್ನೇ ಅಲ್ಲಾಡಿಸಬಲ್ಲ ಮಾಹಿತಿಗೆ ಒಂದು ಅಂಕಣವಿಲ್ಲ, ‘ಇಂಥ ರಾಜ್ಯದ ಕಾರ್ಪೊರೇಷನ್’ ಎಂಬ ಅಲಂಕಾರದ ಸಾಲಿಗೆ ಇದೆ.

ಕಾಲಮಿತಿಯ ವಿಷಯದಲ್ಲಿ ತೆರೆಯ ಮೌನ ಇನ್ನೂ ದುಬಾರಿ. ಹೊಸ ಪಕ್ಷಕಾರರ ಹೆಸರಿನ ಎದುರು ವ್ಯವಸ್ಥೆ ತಾನಾಗಿ ಆ ದಿನದ ದಿನಾಂಕವನ್ನು ಹಾಕುತ್ತದೆ. ಕಾಲಮಿತಿ ಮುಗಿದ ಮೇಲಿನ ದಿನಾಂಕ ಅದಾಗಿದ್ದರೆ ವಾದಿಯ ಪಾಲಿಗೆ ಉಳಿಯುವುದು ನಿಯಮ 15(ಸಿ) ಮಾತ್ರ. ಅದರ ಪ್ರಕಾರ ಹೊಸ ಪ್ರತಿವಾದಿಗೆ ದಾವೆಯ ವಿಷಯ ಸಮನ್ಸ್ ಜಾರಿಯ ಅವಧಿಯೊಳಗೇ ತಿಳಿದಿದ್ದು, ಗುರುತಿನ ಬಗ್ಗೆ ತಪ್ಪಾಗದಿದ್ದರೆ ತನ್ನ ಮೇಲೆಯೇ ದಾವೆ ಬರುತ್ತಿತ್ತೆಂದು ಅವನಿಗೆ ಗೊತ್ತಿದ್ದರೆ ಅಥವಾ ಗೊತ್ತಿರಬೇಕಾಗಿದ್ದರೆ, ತಿದ್ದುಪಡಿಯು ಮೂಲ ದಾವೆಯ ದಿನಾಂಕಕ್ಕೆ ಹಿಂದೆ ಸರಿಯುತ್ತದೆ. ಇದನ್ನು ವಿವರಿಸಿದ್ದು 2010ರ ಕ್ರುಪ್ಸ್ಕಿ ವಿರುದ್ಧ ಕೋಸ್ಟಾ ಕ್ರೋಚಿಯೆರೆ ತೀರ್ಪು. ವಿಹಾರ ನೌಕೆಯಲ್ಲಿ ಕೇಬಲ್ ಎಡವಿ ತೊಡೆಯ ಮೂಳೆ ಮುರಿದುಕೊಂಡ ಪ್ರಯಾಣಿಕರೊಬ್ಬರು, ಟಿಕೆಟ್‌ನಲ್ಲಿದ್ದ ಒಂದು ವರ್ಷದ ಗಡುವು ಮುಗಿಯಲು ಮೂರು ವಾರಗಳಷ್ಟೇ ಇದ್ದಾಗ ದಾವೆ ಹೂಡಿದರು. ಆದರೆ ಹೂಡಿದ್ದು ನೌಕೆಯನ್ನು ನಡೆಸುವ ಕಂಪನಿಯ ಮೇಲಲ್ಲ, ಅದರ ಟಿಕೆಟ್ ಮಾರುವ ಏಜೆಂಟ್ ಕಂಪನಿಯ ಮೇಲೆ. ಗಡುವು ಕಳೆದ ಮೇಲೆ ನಿಜವಾದ ಕಂಪನಿಯನ್ನು ತಂದಾಗ ಕೆಳಗಿನ ಎರಡು ನ್ಯಾಯಾಲಯಗಳೂ ಬಾಗಿಲು ಮುಚ್ಚಿದವು, ಏಕೆಂದರೆ ಟಿಕೆಟ್‌ನಲ್ಲೇ ನೌಕಾ ಕಂಪನಿಯ ಹೆಸರಿತ್ತು. ವಾದಿಗೆ ಏನು ಗೊತ್ತಿತ್ತು ಎಂಬುದಲ್ಲ, ಹೊಸ ಪ್ರತಿವಾದಿಗೆ ಏನು ಗೊತ್ತಿರಬೇಕಿತ್ತು ಎಂಬುದೇ ಪ್ರಶ್ನೆಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ತೀರ್ಪನ್ನು ತಿರುಗಿಸಿತು. ನಮ್ಮ 1963ರ ಕಾಲಮಿತಿ ಅಧಿನಿಯಮದ 21ನೇ ಸೆಕ್ಷನ್ನಿನಲ್ಲಿ, ಹೊಸ ಪ್ರತಿವಾದಿಯ ಮಟ್ಟಿಗೆ ಅವನನ್ನು ಸೇರಿಸಿದ ದಿನವೇ ದಾವೆ ಹೂಡಿದಂತೆ, ಆದರೆ ಬಿಟ್ಟುಹೋದದ್ದು ಸದ್ಭಾವನೆಯ ತಪ್ಪಿನಿಂದಾದರೆ ನ್ಯಾಯಾಲಯ ಹಿಂದಿನ ದಿನಾಂಕವನ್ನು ಕೊಡಬಹುದು. ಅಲ್ಲಿ ದೃಷ್ಟಿ ವಾದಿಯ ಮನಸ್ಸಿನ ಮೇಲೆ, ಇಲ್ಲಿ ಪ್ರತಿವಾದಿಯ ತಿಳಿವಳಿಕೆಯ ಮೇಲೆ. ಹೆಸರೇ ಗೊತ್ತಿಲ್ಲವೆಂದು ‘ಜಾನ್ ಡೋ’ ಎಂದು ಬರೆದುಕೊಂಡು, ಕಾಲಮಿತಿ ಮುಗಿದ ಮೇಲೆ ನಿಜ ಹೆಸರು ಹಾಕುವವರಿಗೆ ಬಹುತೇಕ ಸರ್ಕ್ಯೂಟ್‌ಗಳಲ್ಲಿ (ಫೆಡರಲ್ ಮೇಲ್ಮನವಿ ನ್ಯಾಯಾಲಯಗಳ ವಲಯಗಳಲ್ಲಿ) ಈ ರಕ್ಷಣೆ ಸಿಗುವುದಿಲ್ಲ. ಅರಿವಿಲ್ಲದಿರುವುದು ಬೇರೆ, ತಪ್ಪು ತಿಳಿಯುವುದು ಬೇರೆ ಎಂಬುದು ಅವುಗಳ ನಿಲುವು.

ಸಲ್ಲಿಕೆ ಮುಗಿದ ಕೂಡಲೇ ಎಲ್ಲ ನೋಂದಾಯಿತ ವಕೀಲರಿಗೂ ಇಮೇಲ್ ಮೂಲಕ ಸೂಚನೆ ಹೋಗುತ್ತದೆ, ಮತ್ತು ನಿಯಮ 5ರ ಪ್ರಕಾರ ಅವರ ಮಟ್ಟಿಗೆ ಅದೇ ಜಾರಿ. ಬಹಳ ಸೊಗಸಾದ ಏರ್ಪಾಡು. ಆದರೆ ಅಂದೇ ಸೇರಿದ ಹೊಸ ಪ್ರತಿವಾದಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಅವನಿಗೆ ಕ್ಲರ್ಕ್ ಮುದ್ರೆಯ ಹೊಸ ಸಮನ್ಸ್ ತೆಗೆಸಿ, ವಾದಪತ್ರದೊಡನೆ ನಿಯಮ 4ರಂತೆ ಜಾರಿ ಮಾಡಬೇಕು. ದೇಶದೊಳಗಾದರೆ 90 ದಿನಗಳಲ್ಲಿ. ಜಾರಿಯ ಖರ್ಚನ್ನು ಉಳಿಸುವ ‘ಜಾರಿ ಮನ್ನಾ’ ಕೋರಿಕೆಗೆ ಒಪ್ಪಿದ ಪ್ರತಿವಾದಿಗೆ ಉತ್ತರಿಸಲು 21ರ ಬದಲು 60 ದಿನ, ವಿದೇಶದಲ್ಲಿದ್ದರೆ 90 ದಿನ ಸಿಗುತ್ತದೆ. ಬೆಂಗಳೂರಿನ ಕಂಪನಿಯೊಂದನ್ನು ಸೇರಿಸಿದವರು ಮೊದಲು ಈ ದಾರಿಯನ್ನೇ ಪ್ರಯತ್ನಿಸುವುದು ಒಳಿತೆಂದು ನನ್ನ ಸಲಹೆ, ಏಕೆಂದರೆ ಇನ್ನೊಂದು ದಾರಿ ಉದ್ದವಾದದ್ದು. ಬೇರೆ ದೇಶದಲ್ಲಿರುವವರಿಗೆ ಸಮನ್ಸ್ ತಲುಪಿಸುವ ಕ್ರಮವನ್ನು ಹೇಳುವ ಹೇಗ್ ಅಂತರರಾಷ್ಟ್ರೀಯ ಒಪ್ಪಂದ ಭಾರತದ ಮಟ್ಟಿಗೆ 2007ರ ಆಗಸ್ಟ್‌ನಿಂದ ಜಾರಿಯಲ್ಲಿದೆ, ಮತ್ತು ಅಂಚೆ ಮೂಲಕ ಸಮನ್ಸ್ ಕಳಿಸುವ ಅದರ 10ನೇ ವಿಧಿಗೆ ಭಾರತ ಆಕ್ಷೇಪ ಸಲ್ಲಿಸಿದೆ. ಹಾಗಾಗಿ ಕೊರಿಯರ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ದೆಹಲಿಯ ಕಾನೂನು ಮತ್ತು ನ್ಯಾಯ ಸಚಿವಾಲಯಕ್ಕೆ ಕೋರಿಕೆ ಹೋಗಿ, ಅಲ್ಲಿಂದ ಜಿಲ್ಲಾ ನ್ಯಾಯಾಲಯಕ್ಕೆ ಬಂದು, ಅಮೀನರ ಕೈಯಿಂದ ಕಂಪನಿಯ ಕಚೇರಿಗೆ ತಲುಪಬೇಕು. ತಿಂಗಳುಗಳೇ ಹಿಡಿಯುತ್ತವೆ. ವಿದೇಶದ ಜಾರಿಗೆ 90 ದಿನಗಳ ಗಡುವು ಅನ್ವಯಿಸುವುದಿಲ್ಲ ಎಂಬುದೊಂದೇ ಸಮಾಧಾನ. ಆದರೂ ಪ್ರಯತ್ನವೇ ಮಾಡದೆ ಕುಳಿತವರನ್ನು ನ್ಯಾಯಾಧೀಶರು ಸುಮ್ಮನೆ ಬಿಡುವುದಿಲ್ಲ.

ವಕೀಲರಿಲ್ಲದೆ ತಾವೇ ದಾವೆ ನಡೆಸುವವರಿಗೆ ಈ ತೆರೆಗಳು ಬಹುಮಟ್ಟಿಗೆ ಕಾಣುವುದೇ ಇಲ್ಲ. 2018ರ ಡಿಸೆಂಬರ್‌ನಿಂದ ವಕೀಲರಿರುವ ಪಕ್ಷಕಾರರಿಗೆ ಇ-ಫೈಲಿಂಗ್ ಕಡ್ಡಾಯವಾಗಿದ್ದರೂ, ವಕೀಲರಿಲ್ಲದವರಿಗೆ ನ್ಯಾಯಾಲಯದ ಆದೇಶ ಅಥವಾ ಸ್ಥಳೀಯ ನಿಯಮ ಒಪ್ಪಿದರೆ ಮಾತ್ರ ಅವಕಾಶ. ಅವರು ಕಾಗದದಲ್ಲಿ ಕೊಟ್ಟದ್ದನ್ನು ಕ್ಲರ್ಕ್ ಕಚೇರಿಯೇ ಏರಿಸುತ್ತದೆ, ಹೆಸರುಗಳನ್ನೂ ಅದೇ ಸೇರಿಸುತ್ತದೆ. ಅವರು ನೆನಪಿಡಬೇಕಾದದ್ದು ನಿಯಮ 10: ವಾದಪತ್ರದ ಶೀರ್ಷಿಕೆಯಲ್ಲಿ ಎಲ್ಲ ಪಕ್ಷಕಾರರ ಹೆಸರೂ ಇರಬೇಕು. ‘ಮತ್ತು ಇತರರು’ ಎಂದು ಬರೆದರೆ ಆ ಇತರರು ಡಾಕೆಟ್‌ಗೆ ಬರುವುದಿಲ್ಲ.

ಬೆಲೆಯ ವಿಚಾರ. ಹೊಸ ದಾವೆಗೆ 350 ಡಾಲರ್ ಶಾಸನಬದ್ಧ ಶುಲ್ಕವೂ 55 ಡಾಲರ್ ಆಡಳಿತ ಶುಲ್ಕವೂ ಸೇರಿ 405 ಡಾಲರ್ ಆಗುತ್ತದೆ. ತಿದ್ದುಪಡಿ ಮಾಡಿದ ವಾದಪತ್ರದಲ್ಲಿ ಪ್ರತಿವಾದಿಗಳು ಎಷ್ಟೇ ಹೆಚ್ಚಿದರೂ ಅದಕ್ಕೆ ಬೇರೆ ಶುಲ್ಕವಿಲ್ಲ. ಪೇಸರ್‌ನಲ್ಲಿ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್, ಮತ್ತು ಮೂರು ತಿಂಗಳ ಅವಧಿಯಲ್ಲಿ ಬಿಲ್ಲು 30 ಡಾಲರ್ ಮೀರದಿದ್ದರೆ ಪೂರ್ತಿ ಮಾಫಿ. ತೀರ್ಪುಗಳು ಉಚಿತ. ಹೆಸರಿನ ಹುಡುಕಾಟಕ್ಕೆ ಮಾತ್ರ 3 ಡಾಲರ್ ಮಿತಿ ಇಲ್ಲ. ಸಾಮಾನ್ಯ ಹೆಸರೊಂದನ್ನು ದೇಶವಿಡೀ ಹುಡುಕಲು ಬಿಟ್ಟರೆ ಫಲಿತಾಂಶದ ಪ್ರತಿ ಪುಟಕ್ಕೂ ಮೀಟರ್ ಓಡುತ್ತದೆ. ಆದರೂ ಸೇರ್ಪಡೆಗೆ ಮುನ್ನ ಪೇಸರ್‌ನ ಪ್ರಕರಣ ಶೋಧಕದಲ್ಲಿ ಹೊಸ ಪ್ರತಿವಾದಿಯ ಹೆಸರನ್ನು ಹಾಕಿ ನೋಡುವುದಕ್ಕೆ ಆಗುವ ಚಿಲ್ಲರೆ ಖರ್ಚಿಗೆ ಹಿಂಜರಿಯಬಾರದು. ಆ ಕಂಪನಿ ದಿವಾಳಿ ಅರ್ಜಿ ಹಾಕಿದ್ದರೆ ಅದು ಅಲ್ಲಿ ಕಾಣುತ್ತದೆ, ಮತ್ತು ಅರ್ಜಿ ಹಾಕಿದ ಕ್ಷಣದಿಂದ ಜಾರಿಗೆ ಬರುವ ತಡೆಯ ನಡುವೆ ಹಳೆಯ ಬಾಕಿಗಾಗಿ ಅದನ್ನು ದಾವೆಗೆ ಎಳೆದರೆ ಹೊಸ ತೊಂದರೆಯನ್ನು ತಾವೇ ಕರೆದುಕೊಂಡಂತೆ.

ಈ ದರಗಳನ್ನು ಭಾರತದ ನ್ಯಾಯಾಲಯಗಳ ಮಾಹಿತಿ ತಾಣವಾದ ನಮ್ಮ ಇ-ಕೋರ್ಟ್ಸ್‌ನೊಡನೆ ಹೋಲಿಸದಿರಲು ನನ್ನಿಂದಾಗದು. ಅಲ್ಲಿ ಸಿಎನ್‌ಆರ್ ಎಂಬ, ಪ್ರಕರಣದ ಗುರುತು ಸಂಖ್ಯೆ ಹಾಕಿದರೆ ಮುಂದಿನ ತಾರೀಖು, ಪಕ್ಷಕಾರರ ಪಟ್ಟಿ, ಏರಿಸಿದ ಆದೇಶಗಳು ಬಿಡಿಗಾಸಿಲ್ಲದೆ ಸಿಗುತ್ತವೆ. ಆದರೆ ವಾದಪತ್ರ, ಲಿಖಿತ ಹೇಳಿಕೆ, ಐ.ಎ.ಗಳನ್ನು ಹೊರಗಿನವರು ಅಲ್ಲಿ ಓದಲಾಗದು. ಪೇಸರ್‌ನಲ್ಲಿ ದುಡ್ಡು ಕೊಡಬೇಕು, ಆದರೆ ಮೊಹರು ಹಾಕದ ಪ್ರತಿಯೊಂದು ಹಾಳೆಯೂ ಸಿಗುತ್ತದೆ. ಈ ದುಡ್ಡು ನ್ಯಾಯವಾದದ್ದೇ ಎಂದು ಪ್ರಶ್ನಿಸಿ ಮೂರು ಲಾಭರಹಿತ ಸಂಸ್ಥೆಗಳು 2016ರಲ್ಲಿ ಸರ್ಕಾರದ ಮೇಲೆಯೇ ಸಾಮೂಹಿಕ ದಾವೆ ಹೂಡಿದ್ದವು, 2024ರಲ್ಲಿ 12.5 ಕೋಟಿ ಡಾಲರ್‌ನ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿತು; 2010ರಿಂದ 2018ರವರೆಗೆ ಶುಲ್ಕ ಕಟ್ಟಿದವರಿಗೆ ಹಣ ಮರಳಿಸುವುದು ಅದರ ತಿರುಳು. ಬೇರೆಯವರು ಈಗಾಗಲೇ ದುಡ್ಡು ಕೊಟ್ಟು ಇಳಿಸಿಕೊಂಡ ದಾಖಲೆಗಳನ್ನು ರೀಕ್ಯಾಪ್ ಎಂಬ ಬ್ರೌಸರ್ ವಿಸ್ತರಣೆಯ ಮೂಲಕ ಉಚಿತವಾಗಿ ಪಡೆಯುವ ದಾರಿಯೂ ಇದೆ, ಮತ್ತು ಬೇರೆ ವಕೀಲರು ಸೇರ್ಪಡೆಯ ಅನುಮತಿ ಅರ್ಜಿಯನ್ನು ಹೇಗೆ ಬರೆದಿದ್ದಾರೆಂದು ನೋಡಲು ನಾನು ಮೊದಲು ಹೋಗುವುದು ಅಲ್ಲಿಗೇ.

ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರಿಗೆ ಪೇಸರ್ ಒಂದು ಉಚಿತ ತರಬೇತಿ ತಾಣವನ್ನು ಇಟ್ಟಿದೆ, ಸಿಎಂ/ಇಸಿಎಫ್ ಬಳಕೆಯನ್ನು ಕಲಿಸುವ ಪಾಠಗಳೂ ಇವೆ. ಅವುಗಳ ಜೊತೆಗೆ ತಮ್ಮ ಜಿಲ್ಲೆಯ ನ್ಯಾಯಾಲಯ ಪ್ರಕಟಿಸಿರುವ ಹೆಸರು ನಮೂದಿನ ಶೈಲಿ ಸೂಚಿಯನ್ನು ಓದಿಕೊಳ್ಳಬೇಕು, ಏಕೆಂದರೆ ಒಂದು ಜಿಲ್ಲೆಯಲ್ಲಿ ವಕೀಲರೇ ಹೆಸರು ಸೇರಿಸಬೇಕಾದರೆ ಇನ್ನೊಂದರಲ್ಲಿ ಕ್ಲರ್ಕ್ ಕಚೇರಿಯೇ ಸೇರಿಸುತ್ತದೆ. ವಿಳಾಸದ ಅಂಕಣವನ್ನು ಖಾಲಿ ಬಿಡಬೇಕೇ, ದೊಡ್ಡಕ್ಷರಗಳನ್ನು ಬಳಸಬೇಕೇ ಎಂಬ ಚಿಲ್ಲರೆ ಸಂಗತಿಗಳಲ್ಲೂ ಒಬ್ಬೊಬ್ಬರದು ಒಂದೊಂದು ಪದ್ಧತಿ. 2025ರಲ್ಲಿ ಲಾಗಿನ್‌ಗೆ ಎರಡನೇ ಹಂತದ ದೃಢೀಕರಣ ಬಂದಿರುವುದರಿಂದ, ಗಡುವಿನ ರಾತ್ರಿ ಹನ್ನೊಂದೂವರೆಗೆ ವಕೀಲರ ಖಾತೆಯಿಂದ ಸಲ್ಲಿಸಲು ಕುಳಿತ ಪ್ಯಾರಾಲೀಗಲ್ ಆ ಸಂಕೇತ ಯಾರ ಫೋನಿಗೆ ಬರುತ್ತದೆಂಬುದನ್ನು ಸಂಜೆಯೇ ಕೇಳಿಟ್ಟುಕೊಂಡಿರುವುದು ಒಳ್ಳೆಯದು.